ಮೂರು ದಡದ ಅಳಿಯಂದಿರು

ಆನೆ ನೋಡಲು ಬರುವವರಿಗಾಗಿ ಕಟ್ಟಿದ ಬಿಡಾರದಲ್ಲಿ ದಿನದ ಮೊದಲ ಕೆಲಸ, ಆನೆ ಬಂದು ಹೋದ ಗುರುತನ್ನು ಅಳಿಸುವುದಾಗಿತ್ತು. ಮಾಯಿ ದೊಮಿಂಗೊ ದಿನಾ ಬೆಳಕು ಹರಿಯುತ್ತಿದ್ದಂತೆ ಪೊರಕೆ ಹಿಡಿದು ಬರುತ್ತಿದ್ದಳು. ಅಡುಗೆಮನೆಗೂ ಮೂರನೇ ಗುಡಿಸಲಿಗೂ ನಡುವೆ ಬಿದ್ದ ಲದ್ದಿಯನ್ನು ಬುಟ್ಟಿಗೆ ತುಂಬಿ ಟೊಮೆಟೊ ಗಿಡಗಳ ಬುಡಕ್ಕೆ ಸುರಿಯುತ್ತಿದ್ದಳು. ಮೊರದಗಲದ ಹೆಜ್ಜೆಗಳ ಮೇಲೆ ಮರಳು ಎಳೆದು, ಮೇಲೊಂದಿಷ್ಟು ಕೋಳಿಗಳನ್ನು ಓಡಾಡಲು ಬಿಟ್ಟು, ಏನೂ ನಡೆದಿಲ್ಲವೆಂಬಂತೆ ಒಲೆ ಹಚ್ಚುತ್ತಿದ್ದಳು. ಆ ವರ್ಷ ಟೊಮೆಟೊ ಮಾತ್ರ ಊರೇ ಬಾಯಿ ಬಿಡುವಂತೆ ಬಂದಿತ್ತು.

ಲುವಾಂಗ್ವಾ ನದಿ ಬಂದು ಜಾಂಬೆಜಿಯನ್ನು ಸೇರುವ ಕಡೆ ಮೂರು ದೇಶಗಳು ಒಂದರ ಮುಖ ಒಂದು ನೋಡಿಕೊಂಡು ಕೂತಿವೆ. ಈ ದಡ ಜಿಂಬಾಬ್ವೆ, ಎದುರಿನದು ಜಾಂಬಿಯಾ, ಓರೆಯಲ್ಲಿ ಕಾಣುವುದು ಮೊಜಾಂಬಿಕ್. ಒಂದು ದಡದಲ್ಲಿ ಕೋಳಿ ಕೂಗಿದರೆ ಮೂರು ದೇಶ ಏಳುತ್ತವೆ. ಕೆಲವು ವರ್ಷಗಳ ಹಿಂದೆ ಮೂರು ಸರ್ಕಾರಗಳೂ ಸೇರಿ, ಇನ್ನು ಮುಂದೆ ಈ ಕಾಡು ಒಂದೇ, ಆನೆಗೆ ಗಡಿಯಿಲ್ಲ ಎಂದು ತೀರ್ಮಾನಿಸಿದವು. ಮನುಷ್ಯರಿಗೆ ಮಾತ್ರ ಇದ್ದ ಗಡಿ ಇದ್ದಲ್ಲೇ ಇತ್ತು. ಆಮೇಲೆ ಪ್ರವಾಸಿಗರಿಗೆಂದು ಒಂದು ದೋಣಿ ಪ್ರಯಾಣ ಹುಟ್ಟಿಕೊಂಡಿತು. ಮೂರು ದೇಶ, ಮೂರು ರಾತ್ರಿ, ಮೂರು ಬಿಡಾರ. ಈ ದಡದ ಬಿಡಾರವನ್ನು ಚಿರಾಂಬಾ ಊರಿನ ಹನ್ನೊಂದು ಹೆಂಗಸರು ಕಟ್ಟಿದರು. ಅವರಿಗೆಲ್ಲ ಮುಂದಾಳು ಮಾಯಿ ದೊಮಿಂಗೊ. ಮಾಯಿ ಎಂದರೆ ನಮ್ಮಲ್ಲಿ ತಾಯಿ.

ಅಂಗೈಯಂತೆ ನುಣುಪಾದ, ಪೊದೆ ಕಡಿಯುವ ಕೆಲಸವೇ ಇಲ್ಲದ ಜಾಗ ಸಿಕ್ಕಿತೆಂದು ಆ ಹನ್ನೊಂದು ಮಂದಿ ಅವತ್ತು ಹಾಡು ಹೇಳಿ ಕುಣಿದಿದ್ದರು. ಯಾಕೆ ಪೊದೆಯಿಲ್ಲ ಎಂದು ಒಬ್ಬಳೂ ಕೇಳಲಿಲ್ಲ. ಕೇಳಲು ಕಾರಣವೂ ಇರಲಿಲ್ಲ. ಬಂದೂಕಿನ ಕಾಟಕ್ಕೆ ಆನೆಗಳು ಈ ದಡಕ್ಕೆ ಕಾಲಿಡದೆ ನಲವತ್ತು ವರ್ಷವಾಗಿತ್ತು. ಕಾಡು ಒಂದಾದ ಮೇಲೆ, ಬಂದೂಕು ನಿಂತ ಮೇಲೆ, ಯಾವುದೋ ಮುದಿ ಹೆಣ್ಣಾನೆಗೆ ತನ್ನ ಅಜ್ಜಿ ತೋರಿಸಿದ ದಾರಿ ನೆನಪಾಯಿತು. ಆ ದಾರಿ ನೆಟ್ಟಗೆ ಅಡುಗೆಮನೆಯ ಪಕ್ಕದಲ್ಲೇ ಹಾದು ಹೋಗುತ್ತಿತ್ತು.

ಅಷ್ಟರಲ್ಲಿ ನಿಯಮಾವಳಿ ಬಂತು. ಪ್ರಾಣಿಗಳು ನಡೆಯುವ ದಾರಿಯಿಂದ ಅರವತ್ತು ಮೀಟರ್ ಒಳಗೆ ಬಿಡಾರದ ಯಾವ ಕಟ್ಟಡವೂ ಇರಕೂಡದು ಎಂದು ಅದರಲ್ಲಿ ಬರೆದಿತ್ತು. ಅದರ ಹಿಂದೆಯೇ ಇನ್ನೊಂದು ಪತ್ರ ಬಂತು. ಈ ತಿಂಗಳೊಳಗೆ ಬಿಡಾರ ತಪಾಸಣೆಯಲ್ಲಿ ಪಾಸಾಗದಿದ್ದರೆ ನದೀ ದಡದ ಆ ಜಾಗವನ್ನು ರಾಜಧಾನಿಯ ಒಂದು ಕಂಪನಿಗೆ ಕೊಡಲಾಗುವುದು. ಕಂಪನಿಯವರು ಆಗಲೇ ಬಂದು, ಬೇಲಿ ಎಲ್ಲಿಂದ ಎಲ್ಲಿಗೆ ಹಾಕಬೇಕೆಂದು ಬಿಳಿ ಸುಣ್ಣದಲ್ಲಿ ಗೆರೆ ಎಳೆದು ಹೋಗಿದ್ದರು. ಗೆರೆ ಟೊಮೆಟೊ ಮಡಿಗಳ ಮೇಲೆಯೇ ಹಾದಿತ್ತು. ಮಾಯಿ ದೊಮಿಂಗೊ ಆ ಸುಣ್ಣವನ್ನೂ ಗುಡಿಸಿದಳು.

ಅವಳ ಬಿಡಾರ ಉಳಿಯುವುದೋ ಹೋಗುವುದೋ ಎಂಬುದು ಈಗ ತಪಾಸಣೆಗೆ ಬರುವ ಒಬ್ಬ ಅಧಿಕಾರಿಯ ಸಹಿಯಲ್ಲಿತ್ತು. ಸ್ವಜನ ಪಕ್ಷಪಾತ ನಡೆಯಬಾರದೆಂದು ಮೂರು ದೇಶದವರೂ ಸೇರಿ ಒಂದು ಜಾಣತನ ಮಾಡಿದ್ದರು. ಒಂದು ದೇಶದ ಬಿಡಾರವನ್ನು ಇನ್ನೊಂದು ದೇಶದ ಅಧಿಕಾರಿಯೇ ನೋಡಬೇಕು. ಈ ನಿಯಮ ಬರೆದ ಪುಣ್ಯಾತ್ಮ ನಮ್ಮ ನದಿಯನ್ನು ನಕ್ಷೆಯಲ್ಲಿ ಮಾತ್ರ ನೋಡಿರಬೇಕು. ಇಲ್ಲಿ ಹೆಣ್ಣು ಕೊಡುವುದೂ ತರುವುದೂ ಎಲ್ಲ ನೀರಿನಾಚೆಯೇ. ಸ್ವಂತ ದೇಶದ ರಾಜಧಾನಿಯಲ್ಲಿ ಒಬ್ಬ ನೆಂಟನೂ ಸಿಗಲಿಕ್ಕಿಲ್ಲ, ಆಚೆ ದಡದಲ್ಲಿ ಕಲ್ಲೆಸೆದರೆ ಯಾರಾದರೊಬ್ಬ ಭಾವನಿಗೆ ತಾಗುತ್ತದೆ.

ತಪಾಸಣೆಯ ದಿನ ಬೆಳಗ್ಗೆ ಬಲ್ತಜಾರನ ದೋಣಿ ದಡ ಮುಟ್ಟಿತು. ಬಲ್ತಜಾರ್ ಮೊಜಾಂಬಿಕ್ ದಡದವನು, ಹೊಟ್ಟೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಅವನ ಹಿಂದೆ ಜಾಂಬಿಯಾದ ಅಧಿಕಾರಿ ಇಳಿದ. ಇಸ್ತ್ರಿ ಮಾಡಿದ ಪ್ಯಾಂಟು, ಕಂಕುಳಲ್ಲಿ ಫೈಲು, ಸೊಂಟದಲ್ಲಿ ಅಳತೆ ಟೇಪು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಹೆಂಗಸರು ಸ್ವಾಗತದ ಹಾಡು ಹಾಡಿದರು. ಮಾಯಿ ದೊಮಿಂಗೊ ಹೊಸ ಬಟ್ಟೆ ಸುತ್ತಿಕೊಂಡು, ಸಾಹೇಬರಂತೆ ಕೈ ಕುಲುಕಬೇಕೆಂದು ಎರಡು ವಾರ ಅಭ್ಯಾಸ ಮಾಡಿದ್ದ ಬಲಗೈಯನ್ನು ಮುಂದೆ ಚಾಚಿದಳು.

ಅಷ್ಟರಲ್ಲಿ ಊರಿನ ಮುಖ್ಯಸ್ಥ ಚಿಸುಂಗಾ ನಡುವೆ ಬಾಯಿ ಹಾಕಿದ. ಹೊಸಬರು ಬಂದರೆ ಅವರ ಕುಲಗೋತ್ರ ಕೇಳದೆ ಅವನಿಗೆ ಉಸಿರು ಒಳಗೆ ಹೋಗುವುದಿಲ್ಲ.

"ಬನ್ನಿ ಬನ್ನಿ ಸ್ವಾಮಿ. ತಾವು ಯಾರ ಪೈಕಿ? ಹೆಣ್ಣು ಎಲ್ಲಿಂದ ತಂದಿದೀರಿ?"

"ನಾನು ಗೆರ್ವಾಸ್ ಚುಲು," ಎಂದ ಅಧಿಕಾರಿ. "ನಮ್ಮೋರು ನ್ಯಿಂಬಾ ಕಡೆಯೋರು. ಹೆಂಡ್ತಿ ಇಲ್ಲೇ, ಎದುರು ದಡದೋಳು. ಮೊದೆಸ್ತಾ ಅಂತ. ನಮ್ಮತ್ತೆ ಹೆಸರು ಹೇಳೋ ಹಾಗಿಲ್ಲ, ಆದ್ರೆ ದಡದಲ್ಲಿ ಒಣಮೀನು ಮಾರೋ ಕುಳ್ಳಗಿನ ಅಮ್ಮ ಅಂದ್ರೆ ಎಲ್ರಿಗೂ ಗೊತ್ತು."

ಹಾಡು ಅರ್ಧಕ್ಕೆ ನಿಂತಿತು. ಒಣಮೀನು ಮಾರುವ ಕುಳ್ಳಗಿನ ಅಮ್ಮ ಎಂದರೆ ಮಾಯಿ ದೊಮಿಂಗೊಳ ಒಡಹುಟ್ಟಿದ ತಂಗಿ. ತಂಗಿಯ ಮಗಳೆಂದರೆ ತನ್ನ ಮಗಳೇ. ಹಾಗಾದರೆ ಎದುರಿಗೆ ನಿಂತವನು ಅಳಿಯ. ಮದುವೆ ದೂರದ ಲುಸಾಕಾದಲ್ಲಿ ಆಗಿತ್ತು, ಆ ವಾರ ನದಿ ಉಕ್ಕಿ ಹರಿದಿದ್ದರಿಂದ ಇವಳಿಗೆ ಹೋಗಲಾಗಿರಲಿಲ್ಲ. ತಂಗಿ ಒಂದು ಫೋಟೊ ತೋರಿಸಿದ್ದಳು. ಅದರಲ್ಲಿ ಮೇಲೊಂದು ಹ್ಯಾಟು, ಕೆಳಗೊಂದು ಕಪ್ಪು ಕನ್ನಡಕ, ಅದರ ಕೆಳಗೊಂದು ಮೂಗು. ಬರೀ ಮೂಗಿನಿಂದ ಯಾರನ್ನು ಗುರುತು ಹಿಡಿಯುವುದು?

ಚಾಚಿದ ಕೈಯನ್ನು ಅವಳು ಕೆಂಡ ಮುಟ್ಟಿದವಳಂತೆ ಹಿಂದೆಳೆದುಕೊಂಡು ಮುಖ ತಿರುಗಿಸಿದಳು. ಜಸಿಂತಾ ಎಂಬ ಅಡುಗೆಯವಳು ಅಧಿಕಾರಿಯ ಕಿವಿಯಲ್ಲಿ ವಿಷಯ ಉಸುರಿದಳು. ಇಸ್ತ್ರಿ ಪ್ಯಾಂಟಿನ ಗೆರ್ವಾಸ್ ಚುಲು ಅಲ್ಲೇ ಮರಳ ಮೇಲೆ ಮಂಡಿಯೂರಿ, ತಲೆ ತಗ್ಗಿಸಿ, ಮೆತ್ತಗೆ ಚಪ್ಪಾಳೆ ತಟ್ಟಿ ನಮಸ್ಕರಿಸಿದ. ನಮ್ಮಲ್ಲಿ ಅಳಿಯ ಅತ್ತೆಯ ಮುಖ ನೋಡುವಂತಿಲ್ಲ, ಅತ್ತೆಯ ಕೈ ಮುಟ್ಟುವಂತಿಲ್ಲ, ಅತ್ತೆ ಎದುರಿಗಿದ್ದರೆ ಒಂದು ತುತ್ತು ಬಾಯಿಗಿಡುವಂತಿಲ್ಲ.

ಚಿಸುಂಗಾನಿಗೆ ಆನಂದ ತಡೆಯಲಾಗಲಿಲ್ಲ. "ಅಳಿಯ! ನಮ್ಮನೆ ಅಳಿಯ ಕಣ್ರೋ! ಇನ್ನೇನ್ ಬೇಕು? ಏ, ಆ ಫೈಲು ಈಸ್ಕೊಳ್ರೋ ಅವ್ನ ಕೈಯಿಂದ!"

ನಮ್ಮ ಕಡೆ ಅಳಿಯ ಬಂದರೆ ಕೂರಲು ಕುರ್ಚಿ ಕೊಡುವುದಿಲ್ಲ, ಕೈಗೊಂದು ಕೊಡಲಿ ಕೊಡುತ್ತಾರೆ. ಹತ್ತು ನಿಮಿಷದಲ್ಲಿ ಮೂರು ದೇಶಗಳ ಸಮಿತಿಯ ಅಧಿಕಾರಿ ಅಂಗಿ ಕಳಚಿ ಸೌದೆ ಒಡೆಯುತ್ತಿದ್ದ. ಚಿಸುಂಗಾ ನೆರಳಿನಲ್ಲಿ ಕೂತು, "ಸಣ್ಣಗೆ ಸೀಳಪ್ಪಾ, ಒಲೆ ಚಿಕ್ಕದು," ಎಂದು ಹೇಳಿಕೊಡುತ್ತಿದ್ದ. ಬಲ್ತಜಾರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ನಿಮ್ ಕೆಲ್ಸ ಆದಂಗೇ ಮಾಯಿ," ಎಂದು ಚಿಸುಂಗಾ ಜೊಂಡಿನ ತಟ್ಟಿಯ ಹಿಂದೆ ಅಡಗಿ ನಿಂತಿದ್ದ ಮಾಯಿ ದೊಮಿಂಗೊಗೆ ಹೇಳಿದ. "ಅತ್ತೆಗೆ ಇಲ್ಲ ಅನ್ನೋ ಅಳಿಯ ಇನ್ನೂ ಹುಟ್ಟಿಲ್ಲ."

"ಅದೇ ಯಜಮಾನ್ರೇ ತೊಂದ್ರೆ," ಎಂದಳು ಅವಳು. "ಅವ್ನು ಬಿಡಾರ ನೋಡೋದ್ ಹೇಗೆ? ನಾನಿರೋ ಕಡೆ ಕಾಲಿಡೋ ಹಾಗಿಲ್ಲ. ನಾನು ಹಾಸಿದ ಹಾಸಿಗೆ ಮುಟ್ಟೋ ಹಾಗಿಲ್ಲ. ನಲವತ್ತೆರಡು ಪ್ರಶ್ನೆ ಇದಾವಂತೆ ಆ ಕಾಗದದಲ್ಲಿ. ಸೌದೆ ಒಡೆದ್ರೆ ಅದ್ರಲ್ಲಿ ಒಂದಾದ್ರೂ ತುಂಬುತ್ತಾ? ನೋಡ್ದೆ ಸಹಿ ಹಾಕಿದ್ರೆ ನಾಳೆ ಯಾರಾದ್ರೂ ಕೇಳ್ತಾರೆ. ಹಾಕ್ದೆ ಹೋದ್ರೆ ಬೇಲಿ ಬರುತ್ತೆ."

ಚಿಸುಂಗಾನ ನಗು ಕರಗಿತು. ಅವನು ತಲೆ ಕೆರೆದುಕೊಂಡ. ಆಮೇಲೆ ಅವನ ಕಣ್ಣು ಬಲ್ತಜಾರನ ಮೇಲೆ ಬಿತ್ತು, ಅವನಿಗೂ ಮಾಯಿಗೂ ಒಟ್ಟಿಗೇ ಹೊಳೆಯಿತು. ಹೆಣ್ಣು ಕೇಳಲು ಬಂದಾಗ ಎರಡು ಮನೆಯ ನಡುವೆ ಓಡಾಡುವ ಮಧ್ಯಸ್ಥನಿಲ್ಲದೆ ನಮ್ಮಲ್ಲಿ ಯಾವ ಮಾತೂ ನಡೆಯುವುದಿಲ್ಲ. ಗಂಡಿನ ಕಡೆಯವರ ಬಾಯಿ ಅವನೇ, ಹೆಣ್ಣಿನ ಕಡೆಯವರ ಬೈಗುಳ ತಿನ್ನುವವನೂ ಅವನೇ. ತಪಾಸಣೆಯನ್ನೂ ಹಾಗೆಯೇ ಮಾಡಿದರಾಯಿತು.

ಅಧಿಕಾರಿಯನ್ನು ಅಂಗಳದಾಚೆಯ ದೊಡ್ಡ ಹುಣಸೆಮರದ ಬುಡದಲ್ಲಿ, ಬಿಡಾರಕ್ಕೆ ಬೆನ್ನು ಮಾಡಿ ಕೂರಿಸಿದರು. ಮಾಯಿ ದೊಮಿಂಗೊ ತಟ್ಟಿಯ ಹಿಂದೆಯೇ ಕೂತಳು. ನಡುವೆ ಬಲ್ತಜಾರ್ ಓಡಾಡತೊಡಗಿದ.

"ಮೊದಲ್ನೇ ಪ್ರಶ್ನೆ," ಎಂದ ಗೆರ್ವಾಸ್ ನದಿಯ ಕಡೆ ನೋಡುತ್ತ. "ಹಾಸಿಗೆ ಮೆತ್ತಗಿದೆಯಾ?"

ಬಲ್ತಜಾರ್ ಒಂದನೇ ಗುಡಿಸಲಿಗೆ ಹೋಗಿ ಮಲಗಿದ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಜಸಿಂತಾ ಹೋಗಿ ನೋಡಿದರೆ ಗೊರಕೆ ಹೊಡೆಯುತ್ತಿದ್ದ. ಅವಳು ಸೌಟಿನಿಂದ ತಿವಿದು ಎಬ್ಬಿಸಿದಳು.

"ಮೆತ್ತಗಿದೆ ಅಂತ ಬರ್ಕೊಳ್ಳಿ," ಎಂದ ಅವನು ಮರದ ಹತ್ತಿರ ಬಂದು, ಕಣ್ಣುಜ್ಜುತ್ತ. "ಬೇಕಾದ್ರೆ ಮಧ್ಯಾಹ್ನ ಇನ್ನೊಂದ್ ಸಲ ಪರೀಕ್ಷೆ ಮಾಡ್ತೀನಿ."

ಊಟದ ಪ್ರಶ್ನೆ ಬಂದಾಗ ಅವನು ಸಾದ್ಜಾ ಮುದ್ದೆ, ಹುರಿದ ಮೀನು, ಬೆಂಡೆಕಾಯಿ ಲೋಳೆಸಾರು ಇಷ್ಟನ್ನೂ ಒಂದು ಸಲ ತಿಂದು, ಉಪ್ಪು ಸರಿಯಿದೆಯೋ ಇಲ್ಲವೋ ಗೊತ್ತಾಗಲಿಲ್ಲ ಎಂದು ಎರಡನೇ ಸಲ ತಿಂದ. ಖಚಿತ ಮಾಡಿಕೊಳ್ಳಲು ಮೂರನೇ ಸಲವೂ ತಟ್ಟೆ ಒಡ್ಡಿದ. "ನಿಮ್ ಸಾಹೇಬ್ರಿಗೆ ಹೇಳು, ಮಧ್ಯಸ್ಥನ ಹೊಟ್ಟೆಗೆ ತಳಾನೇ ಇಲ್ಲ ಅಂತ," ಎಂದಳು ಜಸಿಂತಾ. ಅದನ್ನೂ ಅವನು ನಿಷ್ಠೆಯಿಂದ ಹೋಗಿ ಹೇಳಿದ. ಮರದ ಬುಡದಲ್ಲಿ ಮೊದಲ ಸಲ ನಗುವಿನ ಸದ್ದು ಕೇಳಿತು. ಆ ನಗು ಕೇಳಿ ಮಾಯಿ ದೊಮಿಂಗೊಗೆ, ಪರವಾಗಿಲ್ಲ, ಮೊದೆಸ್ತಾ ಒಳ್ಳೆಯವನನ್ನೇ ಕಟ್ಟಿಕೊಂಡಿದ್ದಾಳೆ ಎನ್ನಿಸಿತು.

ಇಪ್ಪತ್ತಾರು ಪ್ರಶ್ನೆ ಹೀಗೆ ಕಳೆದವು. ಬಲ್ತಜಾರ್ ಬೆವರು ಸುರಿಸುತ್ತ ತಟ್ಟಿಯ ಹತ್ತಿರ ಬಂದ.

"ಇಪ್ಪತ್ತೇಳು. ಪ್ರಾಣಿಗಳು ಓಡಾಡೋ ದಾರಿ ಇಲ್ಲಿಂದ ಎಷ್ಟು ದೂರ ಅಂತ ಕೇಳ್ತಾರೆ."

ಹೆಂಗಸರೆಲ್ಲ ಒಮ್ಮೆಲೇ ಪಾತ್ರೆ ತೊಳೆಯಲು ಶುರು ಮಾಡಿದರು. ಚಿಸುಂಗಾ ಗಂಟಲು ಸರಿಮಾಡಿಕೊಂಡ. "ಅಂಥಾ ದಾರಿನೇ ಇಲ್ಲ ಅನ್ನು. ಆನೆ ಅಂದ್ರೆ ಹೇಗಿರುತ್ತೆ ಅಂತಾನೂ ನಮಗ್ ಗೊತ್ತಿಲ್ಲ ಅನ್ನು."

"ಅಷ್ಟೊಂದ್ ಬೇಡ," ಎಂದಳು ಜಸಿಂತಾ.

ಬಲ್ತಜಾರ್ ಹೋದ, ತಕ್ಷಣ ವಾಪಸು ಬಂದ. "ಸಾಹೇಬ್ರು ಒರಗಿ ಕೂತಿರೋ ಮರದ ತೊಗಟೆ ಗಾಜಿನ ಹಾಗೆ ನುಣ್ಣಗಾಗಿದೆಯಂತೆ. ತಲೆಗಿಂತ ಮೇಲೆ ಒಣಗಿದ ಕೆಸರು ಮೆತ್ತಿದೆಯಂತೆ. ಅದು ಏನು ಅಂತ ಕೇಳ್ತಾರೆ."

"ಮಕ್ಕಳು ಬೆನ್ನು ಉಜ್ಜಿಕೊಳ್ತಾವೆ," ಎಂದ ಚಿಸುಂಗಾ.

ಬಲ್ತಜಾರ್ ಮತ್ತೆ ಹೋಗಿ ಬಂದ. "ಮಕ್ಕಳನ್ನ ಚೆನ್ನಾಗಿ ಬೆಳೆಸಿದೀರಿ ಅಂತಾರೆ."

ಮಾಯಿ ದೊಮಿಂಗೊ ಲದ್ದಿ ಗುಡಿಸಿದ್ದಳು, ಹೆಜ್ಜೆ ಗುಡಿಸಿದ್ದಳು, ಮರ ಒರೆಸುವುದು ಅವಳ ತಲೆಗೇ ಬಂದಿರಲಿಲ್ಲ. ಆನೆ ಮೈ ಉಜ್ಜುವ ಮರಕ್ಕೇ ತಪಾಸಣೆಯವನನ್ನು ಒರಗಿಸಿ ಕೂರಿಸಿದ್ದ ಚಿಸುಂಗಾನನ್ನು ಅವಳು ಸುಟ್ಟುಬಿಡುವಂತೆ ನೋಡಿದಳು. ಅಷ್ಟರಲ್ಲಿ ಬಲ್ತಜಾರ್ ಇನ್ನೊಂದು ಮಾತು ಹೊತ್ತು ತಂದ. ಈ ಸಲ ಅವನು ನಗುತ್ತಿರಲಿಲ್ಲ.

"ಸಾಹೇಬ್ರು ಹೇಳ್ತಾರೆ, ಅತ್ತೆ ಅಂಗಳದಲ್ಲಿ ಅಳಿಯನಿಗೆ ಕಣ್ಣಿಲ್ಲ. ಅತ್ತೆ ಬಾಯಲ್ಲಿ ಏನ್ ಬರುತ್ತೋ ಅದನ್ನೇ ಬರೀತೀನಿ, ಅದರ ಕೆಳಗೇ ಸಹಿ ಹಾಕ್ತೀನಿ. ಬೇರೆ ಯಾರ ಮಾತೂ ಬೇಡ, ಅತ್ತೇನೇ ಹೇಳ್ಲಿ."

"ಗೆದ್ವಿ!" ಎಂದು ಚಿಸುಂಗಾ ತೊಡೆ ತಟ್ಟಿದ. "ಹೇಳಿ ಮಾಯಿ, ಒಂದು ಮಾತು. ದಾರಿ ಇಲ್ಲ ಅಂತ. ಮುಗೀತು."

ಒಂದು ಮಾತು. ಮಾಯಿ ದೊಮಿಂಗೊ ತಟ್ಟಿಯ ಸಂದಿನಿಂದ ನೋಡಿದಳು. ಮರದ ಬುಡದಿಂದ ಒಂದು ಪಕ್ಕಕ್ಕೆ ಕಾಣುವ, ಸೌದೆ ಒಡೆದು ಬೆವರಿದ ಹೆಗಲು, ಮೊಣಕಾಲಿನ ಮೇಲೆ ಕಾಗದ, ಕಾಗದದ ಮೇಲೆ ಅಲುಗಾಡದೆ ಕಾಯುತ್ತಿರುವ ಪೆನ್ನು. ಇವನು ಬೇರೆ ಯಾರೋ ಆಗಿದ್ದರೆ ಅವಳು ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದಳು. ಹೇಳಬೇಕೆಂದೇ ಮೂರು ತಿಂಗಳು ಗುಡಿಸಿದ್ದಳು. ಸರ್ಕಾರದವನಿಗೆ ಸುಳ್ಳು ಹೇಳುವುದರಲ್ಲಿ ಏನಿದೆ, ಅವನೇನು ನಮ್ಮ ನೆಂಟನೇ? ಆದರೆ ಇವನು ನೆಂಟನಾಗಿಬಿಟ್ಟ. ನಾಳೆ ಆ ಮೂರನೇ ಗುಡಿಸಲಿನಲ್ಲಿ ಮಲಗಿದ ಯಾರೋ ಒಬ್ಬ ನೀರಡಿಕೆಗೆ ಎದ್ದು ಹೊರಗೆ ಬಂದು ಆನೆಯ ಕಾಲಿಗೆ ಸಿಕ್ಕರೆ, ಸಹಿ ಇವನದು. ಕೆಲಸ ಹೋಗುವುದು ಇವನದು, ಜೈಲಿಗೆ ಹೋದರೂ ಇವನೇ. ಮೊದೆಸ್ತಾಳ ಒಲೆ ಆರುತ್ತದೆ. ಅದನ್ನು ಯೋಚಿಸಿದ ಮೇಲೆಯೇ ಅವಳಿಗೆ, ಆನೆಯ ಕಾಲಿಗೆ ಸಿಗುವ ಆ ಯಾರೋ ಒಬ್ಬನೂ ಯಾರದೋ ಮನೆಯ ಅಳಿಯನೇ ಇರಬೇಕಲ್ಲ ಎಂದು ಹೊಳೆದದ್ದು. ಮೂರು ತಿಂಗಳಲ್ಲಿ ಒಮ್ಮೆಯೂ ಆ ಮನುಷ್ಯನ ಯೋಚನೆ ಬಂದಿರಲಿಲ್ಲ. ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ತಂಗಿಯ ಮೇಲೆ ಸಿಟ್ಟೂ ಬಂತು. ಬೇರೆ ಯಾರೂ ಸಿಗಲಿಲ್ಲವೇ ಇವಳಿಗೆ, ಈ ತಪಾಸಣೆಯವನಿಗೇ ಮಗಳನ್ನು ಕೊಡಬೇಕಿತ್ತೇ?

ಅವಳು ಎದ್ದು ನಿಂತಳು. ಅಳಿಯನೊಂದಿಗೆ ಮಾತಾಡುವಂತಿಲ್ಲ. ಈ ಮಾತನ್ನು ಬಲ್ತಜಾರನ ಬಾಯಿಗೆ ಒಪ್ಪಿಸುವುದೂ ಅವಳಿಗೆ ಬೇಕಿರಲಿಲ್ಲ.

"ಏ ಹುಣಸೆಮರ," ಎಂದು ತಟ್ಟಿಯ ಮೇಲಿಂದ ಜೋರಾಗಿ ಕೂಗಿದಳು. "ನಿನ್ ಹತ್ರ ಮಾತಾಡ್ತಿದೀನಿ, ಕೇಳಿಸ್ಕೋ. ನಿನ್ ಪಕ್ಕ ಯಾರಾದ್ರೂ ಕೂತಿದ್ರೆ ಅವರ ಕಿವಿಗೆ ಬಿದ್ರೆ ಅದು ನಂಗ್ ಗೊತ್ತಿಲ್ಲ. ಆನೆದಾರಿ ಇದೆ. ಅಡುಗೆಮನೆಗೂ ಮೂರನೇ ಗುಡಿಸಲಿಗೂ ಮಧ್ಯ. ದಿನಾ ರಾತ್ರಿ ಹಾಯ್ತಾವೆ, ದೊಡ್ಡೋವು ಏಳು, ಮರಿ ಎರಡು. ದಿನಾ ಬೆಳಗ್ಗೆ ನಾನೇ ಗುಡಿಸ್ತೀನಿ. ಟೊಮೆಟೊ ಯಾಕ್ ಹಾಗೆ ಬಂದಿದೆ ಅಂತ ನಿಂಗ್ ಗೊತ್ತಲ್ಲ."

ಚಿಸುಂಗಾ ತಲೆಯ ಮೇಲೆ ಕೈ ಹೊತ್ತು ನೆಲಕ್ಕೆ ಕುಸಿದ. "ಮುಳುಗಿಸಿಬಿಟ್ರಲ್ಲ ಮಾಯಿ!"

ಹುಣಸೆಮರದ ಬುಡದಲ್ಲಿ ಪೆನ್ನು ಕೆಳಗಿಳಿಯಿತು. ಆಮೇಲೆ ಗೆರ್ವಾಸ್ ಕೂಡ ಮರಕ್ಕೇ ಹೇಳಿದ, ಎಲ್ಲರಿಗೂ ಕೇಳುವಂತೆ.

"ಮರವೇ, ನಿಂಗೆ ಪುಣ್ಯ ಬರ್ಲಿ. ಬೆಳಗ್ಗೆಯಿಂದ ಹೊಟ್ಟೇಲಿ ಬೆಂಕಿ ಇಟ್ಕೊಂಡ್ ಕೂತಿದ್ದೆ. ಈಗ ಹೇಳ್ತೀನಿ ಕೇಳು. ಈ ಎರಡು ಕಟ್ಟಡ ಇಲ್ಲಿರೋ ತನಕ ಇಪ್ಪತ್ತೇಳನೇ ಪ್ರಶ್ನೆಗೆ ನಾನು ಪಾಸು ಅಂತ ಬರೆಯೋಕಾಗಲ್ಲ. ನನ್ ಕುತ್ತಿಗೆ ಕೊಯ್ದರೂ ಆಗಲ್ಲ. ಆದ್ರೆ ಫಾರಂ ಮುಚ್ಚೋದು ಹೊತ್ತು ಮುಳುಗಿದಾಗ. ಈಗಿನ್ನೂ ಮಧ್ಯಾಹ್ನ ಆಗಿಲ್ಲ."

ಮಾಯಿ ದೊಮಿಂಗೊ ಸೂರ್ಯನನ್ನು ನೋಡಿದಳು. ಆನೆದಾರಿಯಿಂದ ದೂರ, ಒಂದನೇ, ಎರಡನೇ ಗುಡಿಸಲುಗಳಿದ್ದ ದಿಬ್ಬವನ್ನು ನೋಡಿದಳು. ಅಡುಗೆಮನೆಯ ಹುಲ್ಲಿನ ಮಾಡನ್ನು ನೋಡಿದಳು. ಗಳ, ಜೊಂಡು, ಹುಲ್ಲು, ಹಗ್ಗ. ಕಟ್ಟಿದ್ದನ್ನು ಬಿಚ್ಚಬಹುದು, ಬಿಚ್ಚಿದ್ದನ್ನು ಕಟ್ಟಬಹುದು. ಕೈ ಬೇಕು, ಅಷ್ಟೇ.

"ಯಜಮಾನ್ರೇ, ಅಳೋದ್ ನಿಲ್ಸಿ," ಎಂದಳು. "ನಮ್ಮೂರಿಗೆ ಅಳಿಯಂದಿರು ಎಷ್ಟು ಜನ?"

ಚಿಸುಂಗಾ ಕಣ್ಣು ಬಿಟ್ಟ. "ಮೂರೂ ದಡ ಸೇರಿಸಿಯಾ?"

"ಮೂರೂ ದಡ."

ಸಾವಿನ ಮನೆಗೆ ಬಡಿಯುವ ನಗಾರಿಯನ್ನೇ ಬಡಿದರು, ಅದಕ್ಕೆ ಯಾವ ಅಳಿಯನೂ ಬರುವುದಿಲ್ಲ ಎನ್ನುವಂತಿಲ್ಲ. ಬಲ್ತಜಾರ್ ದೋಣಿ ಬಿಟ್ಟುಕೊಂಡು ಎರಡು ದಡಕ್ಕೂ ಹೋಗಿ ಕೂಗಿ ಬಂದ. ಒಂದು ಗಂಟೆಯಲ್ಲಿ ನದಿ ದೋಣಿಗಳಿಂದ ತುಂಬಿತು. ಶಾಲೆಯ ಮೇಷ್ಟರು ಸೀಮೆಸುಣ್ಣದ ಕೈಯಲ್ಲೇ ಬಂದರು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಒಬ್ಬ ಇನ್ನರ್ಧ ಹಾಗೇ ಇಟ್ಟುಕೊಂಡು ಬಂದ. ಆರು ವರ್ಷದಿಂದ ಮಾವನ ಮನೆಯ ಕಡೆ ತಲೆ ಹಾಕದಿದ್ದ ಒಬ್ಬ, ಮಾವನೇ ಸತ್ತಿರಬೇಕೆಂದು ದೋಣಿಯಲ್ಲೇ ಅಳುತ್ತ ಬಂದು, ದಡದಲ್ಲಿ ಮಾವ ನಿಂತದ್ದನ್ನು ಕಂಡು ಇನ್ನೂ ಜೋರಾಗಿ ಅತ್ತ. ಇಷ್ಟು ಜನ ಪಾಸ್‌ಪೋರ್ಟ್ ಇಲ್ಲದೆ ದಾಟುವುದನ್ನು ತಡೆಯಬೇಕಾಗಿದ್ದ ಆಚೆ ದಡದ ಕಾವಲುಗಾರ ಎಲ್ಲರಿಗಿಂತ ಮೊದಲ ದೋಣಿಯಲ್ಲಿದ್ದ. ಅವನು ಜಸಿಂತಾಳ ಮಗಳ ಗಂಡ.

"ಯಾರ್ ಸತ್ತಿದ್ದು?" ಎಂದು ಎಲ್ಲರೂ ಕೇಳಿದರು.

"ಯಾರೂ ಸತ್ತಿಲ್ಲ. ಅಡುಗೆಮನೆ ಎತ್ತಿ," ಎಂದ ಚಿಸುಂಗಾ.

ಹೆಂಗಸರಿಗೆ ಅಂಥ ಮಧ್ಯಾಹ್ನ ಜೀವಮಾನದಲ್ಲಿ ಇನ್ನೊಂದು ಬರಲಿಕ್ಕಿಲ್ಲ. ಹನ್ನೊಂದು ಮಂದಿಯೂ ನೆರಳಿನಲ್ಲಿ ಕಾಲು ಚಾಚಿ ಕೂತು, ಮುಖ ಮಾತ್ರ ಮರ್ಯಾದೆಗೆ ಅತ್ತ ತಿರುಗಿಸಿ, ಒಬ್ಬೊಬ್ಬ ಅಳಿಯನ ಕೆಲಸದಲ್ಲೂ ಹುಳುಕು ಹುಡುಕಿದರು. ಗುಂಡಿ ತೋಡಿದರೆ ವಾರೆ, ಹಗ್ಗ ಬಿಗಿದರೆ ಸಡಿಲ. ನಲವತ್ತು ಮಂದಿ ಅಡುಗೆಮನೆಯ ಮಾಡಿನ ಕೆಳಗೆ ನುಗ್ಗಿ, ಒಂದೇ ಉಸಿರಿಗೆ ಹೆಗಲು ಕೊಟ್ಟು ಎತ್ತಿದರು. ಎಂಬತ್ತು ಕಾಲು ಬಂದ ಹುಲ್ಲಿನ ಬಣವೆ ದಿಬ್ಬದ ಕಡೆ ತೂರಾಡುತ್ತ ನಡೆಯಿತು. ಒಳಗಿನಿಂದ ಮೂರು ದೇಶದ ಬೈಗುಳ ಕೇಳಿಬರುತ್ತಿದ್ದವು. ಮುಂದಿನ ಎಡಮೂಲೆಯಲ್ಲಿ, ಕೆಸರು ಮೆತ್ತಿದ ಇಸ್ತ್ರಿ ಪ್ಯಾಂಟು ಎಲ್ಲಕ್ಕಿಂತ ನೆಟ್ಟಗೆ ಹೆಜ್ಜೆ ಹಾಕುತ್ತಿತ್ತು. ಅದರ ಹಿಂದೆ ಮೂರನೇ ಗುಡಿಸಲಿನ ಮಾಡೂ ಹೋಯಿತು, ತಟ್ಟಿಗಳೂ ಗಳಗಳೂ ಹೋದವು.

ಗುಡಿಸಲು ಸರಿಯಾಗಿ ಕೂತಿತು. ಅಡುಗೆಮನೆಯನ್ನು ಇಳಿಸಿ ಎಲ್ಲರೂ ನೆಲಕ್ಕೆ ಬಿದ್ದಮೇಲೆ ಗೆರ್ವಾಸ್ ಟೇಪು ಬಿಚ್ಚಿ ಬಲ್ತಜಾರನ ಕೈಗೆ ಕೊಟ್ಟ. ಬಲ್ತಜಾರ್ ಅಳೆದ. "ಐವತ್ತಾರು," ಎಂದು ಮೆಲ್ಲಗೆ ಹೇಳಿ, "ಅರವತ್ತು ಅಂತ ಇಟ್ಕೊಳ್ಳಿ," ಎಂದು ಸೇರಿಸಿದ.

"ಐವತ್ತಾರು ಅಂದ್ರೆ ಐವತ್ತಾರು," ಎಂದ ಗೆರ್ವಾಸ್. "ಇನ್ನೂ ನಾಲ್ಕು."

ನಲವತ್ತು ಗಂಟಲಿನಿಂದ ಒಂದೇ ನರಳಾಟ ಹೊರಟಿತು. ಅರ್ಧ ಗಡ್ಡದವನು ತನ್ನ ಮದುವೆಯ ದಿನವನ್ನೇ ಶಪಿಸಿದ. "ಇವ್ನೊಬ್ಬ ಅಳಿಯನಾ, ಶನಿನಾ?" ಎಂದ ಚಿಸುಂಗಾ. ಮಾಯಿ ದೊಮಿಂಗೊಗೆ ಮಾತ್ರ ಎದ್ದು ಹೋಗಿ ಆ ಹುಡುಗನ ತಲೆ ಸವರಬೇಕೆನಿಸಿತು. ಅದು ಆಗದ ಮಾತಾದ್ದರಿಂದ, "ಎತ್ರೋ, ನಾಲ್ಕು ಅಂದ್ರೆ ನಾಲ್ಕು!" ಎಂದು ಎಲ್ಲರ ಮೇಲೂ ರೇಗಿದಳು. ಎತ್ತಿದರು.

ಹೊತ್ತು ಮುಳುಗಲು ಒಂದು ಕೈಯಷ್ಟು ಉಳಿದಿದ್ದಾಗ ಗೆರ್ವಾಸ್ ಸಹಿ ಹಾಕಿದ. ಕಾಗದವನ್ನು ಅತ್ತೆಯ ಕೈಗೆ ಕೊಡುವಂತಿಲ್ಲ, ಒಂದು ಮೊರದಲ್ಲಿಟ್ಟು, ನೆಲದ ಮೇಲಿರಿಸಿ, ಹಿಂದೆ ಹಿಂದೆ ಸರಿದು ಹೋಗಿ ದೂರದಲ್ಲಿ ಮಂಡಿಯೂರಿದ. ಬಲ್ತಜಾರ್ ಮೊರವನ್ನು ಹೊತ್ತು ತಂದ. ಚಿಸುಂಗಾ ಎಲ್ಲರಿಗಿಂತ ಮೊದಲು ಕಾಗದ ಎತ್ತಿಕೊಂಡ.

"ಪಾಸು!" ಎಂದು ಕೂಗಿದ. ಹೆಂಗಸರು ನಾಲಗೆ ಹೊರಳಿಸಿ ಉಲಿದ ಸಡಗರಕ್ಕೆ ಆಚೆ ದಡದ ಹಕ್ಕಿಗಳೂ ಎದ್ದವು. ಚಿಸುಂಗಾ ಮುಂದೆ ಓದಿ ಮುಖ ಸಿಂಡರಿಸಿದ. "ಎರಡೇ ನಕ್ಷತ್ರನಾ? ಸ್ವಂತ ಅಳಿಯ ಆಗಿ ಐದು ಕೊಡ್ಬಾರ್ದಾ?"

"ಬಿಸಿನೀರಿಲ್ಲ, ಒಂದನೇ ಗುಡಿಸಲಿನ ಬಾಗಿಲು ಕಿರುಗುಟ್ಟುತ್ತೆ," ಎಂದ ಬಲ್ತಜಾರ್. "ಕಿರುಗುಟ್ಟುತ್ತೆ ಅಂತ ಹೇಳಿದ್ದು ನಾನೇ, ತಪ್ಪಾಯ್ತು."

"ಎರಡು ಸಾಕು," ಎಂದಳು ಮಾಯಿ ದೊಮಿಂಗೊ.

"ಇಲ್ಲೊಂದ್ ಸಾಲು ಖಾಲಿ ಇದೆಯಲ್ಲ," ಎಂದ ಚಿಸುಂಗಾ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು. "ಬಿಡಾರದ ಒಡೆಯರ ಹೆಸರು ಅಂತಿದೆ. ಇದ್ಯಾಕ್ ಬಿಟ್ಟಿದಾನೆ?"

ದೂರದಲ್ಲಿ ಗೆರ್ವಾಸ್ ಇನ್ನಷ್ಟು ತಲೆ ತಗ್ಗಿಸಿದ. ಅತ್ತೆಯ ಹೆಸರನ್ನು ಅಳಿಯ ಬಾಯಲ್ಲಿ ಹೇಳುವಂತಿಲ್ಲ, ಕೈಯಲ್ಲಿ ಬರೆಯುವುದಂತೂ ದೂರವೇ ಉಳಿಯಿತು.

"ಅಷ್ಟೇ ತಾನೇ, ನಾನ್ ಬರೀತೀನಿ ಬಿಡಿ," ಎಂದು ಚಿಸುಂಗಾ ಪೆನ್ನು ತೆಗೆದುಕೊಂಡ. "ಮಾಯಿ... ದೊಮಿಂಗೊ."

"ದೊಮಿಂಗೊ ನನ್ ಮಗ," ಎಂದಳು ಅವಳು. "ಅವನು ಇಲ್ಲೊಂದು ಗಳನೂ ನೆಟ್ಟಿಲ್ಲ. ಇಲ್ಲಿ ಕೊಡಿ."

ಅವಳು ಮೊರವನ್ನು ಮಗುಚಿ ಮಡಿಲಲ್ಲಿಟ್ಟುಕೊಂಡು, ಅದರ ಮೇಲೆ ಕಾಗದ ಹರಡಿ, ಒಂದೊಂದೇ ಅಕ್ಷರ ಬರೆದಳು. ಅಕ್ಷರಗಳು ದೊಡ್ಡವಾಗಿದ್ದುದರಿಂದ ಸಾಲಿನಾಚೆಗೂ ಹೋದವು. ಬರೆದು ಮುಗಿದ ಮೇಲೆ ಚಿಸುಂಗಾ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಬೆರಳಿಟ್ಟು ಓದಿದ.

"ಜೆ...ನೊ...ವೆ...ವಾ. ಜೆನೊವೆವಾ ಕಲುಂಗಾ." ಅವನು ತಲೆಯೆತ್ತಿದ. "ಯಾರಮ್ಮ ಇದು? ಈ ಹೆಸರಿನೋರು ನಮ್ಮೂರಲ್ಲಿ ಯಾರೂ ಇಲ್ವಲ್ಲ?"

"ಇದಾರೆ," ಎಂದಳು ಜೆನೊವೆವಾ. "ಮದುವೆಯಾಗಿ ಬಂದು ಮೂವತ್ತೆಂಟು ವರ್ಷ ಆಯ್ತು. ತಗೊಳ್ಳಿ ನಿಮ್ ಪೆನ್ನು."